ನಾಯಿಯ ಮುಖಕ್ಕೊಂದು ಮಗ್ ನೀರು

ನಾಯಿ ತಂದವಳು ಮಗಳು, ಸ್ನಾನ ಮಾಡಿಸುವವಳು ನಾನು, ಹೇಗೆ ಮಾಡಿಸಬೇಕೆಂದು ಹೇಳುವವರು ಅತ್ತೆ. ವಿಲೆ ಪಾರ್ಲೆಯ ನಮ್ಮ ಮನೆಯಲ್ಲಿ ಕೆಲಸ ಹಂಚಿಕೆಯಾದದ್ದು ಹೀಗೆ. ಯಜಮಾನರಿಗೆ ಇದರಲ್ಲಿ ಪಾಲಿಲ್ಲ; ಭಾನುವಾರ ಬಚ್ಚಲಲ್ಲಿ ಬಕೆಟ್ ಸದ್ದಾದ ಕೂಡಲೇ ಅವರಿಗೆ ಮಾರ್ಕೆಟ್ಟಿನಿಂದ ಕೊತ್ತಂಬರಿ ತರುವುದು ನೆನಪಾಗುತ್ತದೆ.

ಬಿಳಿ ಕೂದಲಿನ, ಚಪ್ಪಟೆ ಮೂಗಿನ ಗಿಡ್ಡ ನಾಯಿ ಅದು. ಗುಡ್ಡೆಗಣ್ಣು, ಕಣ್ಣಂಚಿನಲ್ಲಿ ಸದಾ ಪಿಸುರು, ಗಡ್ಡಕ್ಕೆ ಸದಾ ಏನಾದರೊಂದು ಅಂಟಿಕೊಂಡಿರುತ್ತದೆ. ಮಳೆಗಾಲದಲ್ಲಂತೂ ಬಿಲ್ಡಿಂಗ್ ಕೆಳಗಿನ ಒಂದು ಹೊಂಡವನ್ನೂ ಮೂಸದೆ ಬಿಡುವುದಿಲ್ಲ. ಆ ಮುಖ ತೊಳೆಯುವುದಕ್ಕೆ ಮಗಳು ಹಾಕಿದ ಕಟ್ಟಳೆ ಕೇಳಿ. ತಲೆಯ ಮೇಲೆ ನೀರು ಸುರಿಯಬಾರದು. ಶಾಂಪೂ ಏನಿದ್ದರೂ ಕುತ್ತಿಗೆಯಿಂದ ಕೆಳಗೆ. ಮುಖಕ್ಕೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆ ಮಾತ್ರ. ಕಣ್ಣಿನ ಒಳಮೂಲೆಯಿಂದ ಹೊರಕ್ಕೆ ಒರೆಸಬೇಕು, ಒಂದು ಕಣ್ಣಿಗೆ ಬಟ್ಟೆಯ ಒಂದು ತುದಿ, ಇನ್ನೊಂದಕ್ಕೆ ಇನ್ನೊಂದು. ಒಣಗಿದ ಪಿಸುರನ್ನು ಕೀಳಬಾರದು, ಒದ್ದೆ ಬಟ್ಟೆ ಇಟ್ಟು ನೆನೆಯಲು ಬಿಡಬೇಕು. ಕಿವಿಯೊಳಗೆ ನೀರು ಹೋಗಬಾರದು. ನಡುನಡುವೆ ಬಿಸ್ಕತ್ತು ಕೊಟ್ಟು ಮುದ್ದು ಮಾತಾಡಬೇಕು. ಇವಳ ಮುಖಕ್ಕೇ ನಾನು ಇದರ ಅರ್ಧ ನಾಜೂಕು ಮಾಡಿರಲಿಲ್ಲ. ಕುತ್ತಿಗೆ ಹಿಡಿದು ಉಜ್ಜಿದ್ದೆ, ಚೆನ್ನಾಗಿಯೇ ಬೆಳೆದಿದ್ದಾಳೆ.

ಅತ್ತೆಗೆ ಈ ಒರೆಸುವ ವ್ಯವಹಾರವೇ ಒಪ್ಪಿಗೆಯಿಲ್ಲ. ವಿಜಯಪುರದ ಕಡೆಯವರು, ಮುಂಬಯಿಗೆ ಬಂದು ನಲವತ್ತು ವರ್ಷವಾದರೂ ಸ್ನಾನದ ವಿಷಯದಲ್ಲಿ ಇನ್ನೂ ಊರಲ್ಲೇ ಇದ್ದಾರೆ. ಮೈ ತೊಳೆದುಕೊಳ್ಳುವುದು ಬೇರೆ, ಸೀಗೆಕಾಯಿ ಹಚ್ಚಿ ನೆತ್ತಿಯ ಮೇಲೆ ನೀರು ಸುರಿದು ಎರೆದುಕೊಳ್ಳುವುದು ಬೇರೆ. ವಾರಕ್ಕೊಮ್ಮೆ ಎರೆದುಕೊಳ್ಳದಿದ್ದರೆ ಅವರ ಕಣ್ಣಿಗೆ ಯಾರೂ ಸ್ವಚ್ಛವಲ್ಲ, ಮನುಷ್ಯರಾಗಲಿ ನಾಯಿಯಾಗಲಿ.

ಆ ಭಾನುವಾರ ಮಗಳು ಕ್ಲಾಸಿಗೆಂದು ಬಾಂದ್ರಾಕ್ಕೆ ಹೋಗಿದ್ದಳು. ಎಂಟೂವರೆಗೆ ನೀರು ನಿಲ್ಲುತ್ತದೆ, ಆಗಲೇ ಎಂಟು ದಾಟಿತ್ತು. ಅತ್ತೆ ತಾವು ಎರೆದುಕೊಳ್ಳಲು ಬೋಗುಣಿಯಲ್ಲಿ ಸೀಗೆಕಾಯಿ ಕಲಸಿಟ್ಟು, ಬಚ್ಚಲ ಬಾಗಿಲಿಗೆ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತಿದ್ದರು.

"ಮಾರಿ ಬಿಟ್ಟು ಬಾಲ ತೊಳಿಯೂದು ಯಾವ ಊರ ಪದ್ಧತಿ ಇದು? ಹೊಲಸೆಲ್ಲಾ ಮಾರಿಗೇ ಮೆತಗೊಂಡು ಬರತೈತಿ. ನೆತ್ತಿ ಮ್ಯಾಲೆ ಒಂದು ಚರಗಿ ನೀರು ಎರಿ."

"ಬ್ಯಾಡಂತ ಹೇಳ್ಯಾಳ್ರೀ ನಿಮ್ಮ ಮೊಮ್ಮಗಳು."

"ಆಕಿನ್ನ ಕಾಲ ಮ್ಯಾಲೆ ಹಾಕ್ಕೊಂಡು ಎರದಾಕಿ ನಾನು. ಆಕಿ ಕಣ್ಣೇನು ಹೋದುವೇನು?"

ನಾಯಿ ಮೈ ಕೊಡವಿ ನನ್ನನ್ನು ಅಡಿಯಿಂದ ಮುಡಿಯವರೆಗೆ ತೋಯಿಸಿತು. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿತ್ತು. ನಲ್ಲಿಯ ಧಾರೆ ನೂಲಿನಷ್ಟಾಗಿತ್ತು. ಅತ್ತೆ ಮತ್ತೆ "ಎರಿ" ಎಂದರು. ಅದು ಏಳನೆಯ ಸಲವೋ ಎಂಟನೆಯ ಸಲವೋ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೊತ್ತಿಯಿಲ್ಲ. ಕೈಗೆ ಸಿಕ್ಕಿದ ಮಗ್ಗನ್ನು ಆ ಸೀಗೆಕಾಯಿ ಬೋಗುಣಿಯಲ್ಲೇ ಅದ್ದಿ, "ತಗೊಳ್ರೀ, ಎರದೆ!" ಎಂದು ನಾಯಿಯ ಮುಖದ ಮೇಲೆ ಸುರಿದುಬಿಟ್ಟೆ.

ನಾಯಿ ಬೊಗಳಲಿಲ್ಲ. ಸೀನಿತು. ಆಮೇಲೆ ಮುಖವನ್ನು ನೆಲದ ಟೈಲ್ಸಿಗೆ ಒತ್ತಿ ತಿಕ್ಕತೊಡಗಿತು, ಮುಂಗಾಲಿನಿಂದ ಎಡಗಣ್ಣನ್ನು ಕೆರೆದುಕೊಳ್ಳತೊಡಗಿತು. ಅತ್ತೆ ಎದ್ದು ನಿಂತರು. "ಅಯ್ಯ ನಮ್ಮವ್ವ, ನಾ ನೀರು ಅಂದೆ, ಸೀಗಿಕಾಯಿ ಅನ್ನಲಿಲ್ಲವಾ!"

ಉಳಿದ ನೀರನ್ನೆಲ್ಲ ಸುರಿದು ತೊಳೆದೆವು. ಮಧ್ಯಾಹ್ನವಾದರೂ ಎಡಗಣ್ಣು ತೆರೆಯಲಿಲ್ಲ. ರಿಕ್ಷಾದಲ್ಲಿ ಡಾಕ್ಟರ ಬಳಿ ಒಯ್ದೆ. ಕಣ್ಣಿನ ಮೇಲ್ಪದರ ಗೀರಿದೆ, ನಾಲ್ಕು ತಾಸಿಗೊಮ್ಮೆ ಔಷಧದ ಹನಿ ಹಾಕಿ, ಗಾಯ ಆಳಕ್ಕಿಳಿದರೆ ದೃಷ್ಟಿ ಕಷ್ಟ, ಐದು ದಿನ ನೋಡೋಣ ಎಂದರು. ಕಣ್ಣು ಉಳಿಯುತ್ತದೋ ಇಲ್ಲವೋ ಎಂದು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ದಾರಿಯುದ್ದಕ್ಕೂ ನಾಯಿ ನನ್ನ ತೊಡೆಯ ಮೇಲೆ ನಡುಗುತ್ತಿತ್ತು. ನನಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಮಗಳ ಭಯವಾಯಿತು.

ಸಂಜೆ ಅವಳು ಬಂದಳು. ನಾಯಿಯ ಕಣ್ಣು ನೋಡಿದಳು, ಬಚ್ಚಲ ಮೂಲೆಯ ಬೋಗುಣಿ ನೋಡಿದಳು, ಸೀದಾ ಅಜ್ಜಿಯ ಮೇಲೆ ಏರಿಹೋದಳು.

"ಅಜ್ಜಿ, ಕಿತ್ನೀ ಬಾರ್ ಹೇಳೀನಿ ನಾನು! ಸೀಗಿಕಾಯಿ ಹಾಕಬ್ಯಾಡ ಅಂತ! ಬ್ಲೈಂಡ್ ಆದ್ರೆ?"

ನಾನು ಅಲ್ಲೇ ಚಹಾ ಸೋಸುತ್ತಿದ್ದೆ. ಬಾಯಿ ತೆರೆಯಬೇಕಿತ್ತು. ಅತ್ತೆ ಒಮ್ಮೆ ನನ್ನ ಕಡೆ ನೋಡಿದರು.

"ಹೂಂ ನಮ್ಮವ್ವ, ನಾನೇ ಎರದೆ. ವಯಸ್ಸಾತು, ತಿಳೀಲಿಲ್ಲ."

ಆಮೇಲೆ ಅಡುಗೆಮನೆಯಲ್ಲಿ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. "ಬಾಯಿ ನಂದು, ಕೈ ನಿಂದು. ಅರ್ಧಾ ತಪ್ಪು ನಂದೂ ಐತಿ," ಎಂದರು. "ನನ್ನ ಮ್ಯಾಲಿನ ಸಿಟ್ಟು ಆಕಿಗೆ ಎರಡ ದಿನ. ತಾಯಿ ಮ್ಯಾಲಿಂದಾದ್ರ ವರ್ಷಗಟ್ಟಲೆ ಇಟಗೋತಾಳ." ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅತ್ತೆಯ ಉಪಕಾರ ಹೊತ್ತು ಬದುಕುವ ಕಷ್ಟ ಸೊಸೆಯರಿಗೇ ಗೊತ್ತು.

ಎರಡು ದಿನವಲ್ಲ, ಮಗಳು ವಾರವಿಡೀ ಅಜ್ಜಿಯ ಜೊತೆ ಮಾತಾಡಲಿಲ್ಲ. ನಾಯಿಯ ಹಾಸಿಗೆಯನ್ನು ತನ್ನ ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡಳು, ಹನಿಯನ್ನೂ ತಾನೇ ಹಾಕಿದಳು. ಊಟದ ಹೊತ್ತಿಗೆ ಅತ್ತೆ ರೊಟ್ಟಿಯ ತುಣುಕು ಮುರಿದು ಅಭ್ಯಾಸಬಲದಿಂದ ಕೆಳಗೆ ಕೈ ಚಾಚುವರು. ಅಲ್ಲಿ ನಾಯಿ ಇರುತ್ತಿರಲಿಲ್ಲ. ನಾನು ದಿನಾ ನೋಡುತ್ತಿದ್ದೆ, ದಿನಾ ನಾಳೆ ಹೇಳೋಣ ಅಂದುಕೊಳ್ಳುತ್ತಿದ್ದೆ. ಅತ್ತೆಯ ಮೇಲೆ ಸಿಟ್ಟು, ಮಗಳ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ.

ಐದನೆಯ ದಿನ ಡಾಕ್ಟರು ಕಣ್ಣು ಉಳಿಯಿತು ಎಂದರು. ಭಾನುವಾರ ಮಗಳು ಕ್ಲಾಸಿಗೆ ರಜೆ ಹಾಕಿ ಕಾವಲು ನಿಂತಳು. "ಅಜ್ಜಿ, ನೀವು ಹಾಲ್‌ನಲ್ಲೇ ಬೈಠೋ," ಎಂದಳು. ವಾರದ ಮೇಲೆ ಆಡಿದ ಮೊದಲ ಮಾತು ಅದು. ಅತ್ತೆ ಹೋಗಿ ಕೂತರು.

ನಾನು ಬಟ್ಟೆ ಅದ್ದಿ ಹಿಂಡಿದೆ. ಬಿಸ್ಕತ್ತು ಹಿಡಿದೆ. ಮುದ್ದು ಮಾತನ್ನೂ ಆಡಿದೆ. ನಾಯಿ ಗೋಡೆಗೆ ಅಂಟಿ ಗಡಗಡ ನಡುಗಿತು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಇನ್ನೊಂದು ಹೆಜ್ಜೆ ಇಟ್ಟೆನೋ ಇಲ್ಲವೋ, ನನ್ನ ಕಾಲ ಸಂದಿಯಿಂದ ನುಸುಳಿ ಹಾಲ್‌ಗೆ ಓಡಿ ಅತ್ತೆಯ ಸೀರೆಯಲ್ಲಿ ಮುಖ ಹುದುಗಿಸಿತು. ಅತ್ತೆ ಅದರ ತಲೆ ಸವರಿದರು, ಬೆರಳಿನಿಂದ ಕಣ್ಣಂಚು ಮುಟ್ಟಿದರು. ಅದು ಮಿಸುಕಲಿಲ್ಲ.

ಮಗಳು ಅತ್ತ ನೋಡಿದಳು, ಇತ್ತ ನೋಡಿದಳು.

"ಅಮ್ಮಾ, ಅದು ಅಜ್ಜಿಗೆ ಹೆದರಬೇಕಲ್ವಾ? ನಿಂಗ್ಯಾಕೆ ಹೆದರ್ತದೆ?"

"ಏನಿಲ್ಲ ಬಿಡ, ಅದಕ್ಕ..." ಎಂದು ಅತ್ತೆ ಶುರು ಮಾಡಿದರು.

"ನಾನೇ ಎರೆದದ್ದು," ಎಂದೆ. ತಪ್ಪು ಅವಳದೇ ಎಂಬ ಹಾಗೆ ಗದರಿಯೇ ಹೇಳಿದೆ.

ಕಿರುಚಾಡುತ್ತಾಳೆ ಎಂದುಕೊಂಡಿದ್ದೆ. ಮಗಳು ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡಳು. ಹಾಲ್‌ಗೆ ಹೋಗಿ ಅಜ್ಜಿಯ ಕಾಲ ಬಳಿ ಕೂತು ಅದನ್ನು ಅವರ ಕೈಗಿಟ್ಟಳು. "ಇಲ್ಲಿಂದ, ಅಜ್ಜಿ. ಒಳಗಿಂದ ಹೊರಗೆ. ಧೀರೇ ಸೇ, ಮೆಲ್ಲಗೆ," ಎಂದಳು.

ಅಂದಿನಿಂದ ಆ ಕೆಲಸ ಅತ್ತೆಯದು. ಈಗಲೂ ನಾನು ಟೇಬಲ್ ಒರೆಸಲೆಂದು ಒದ್ದೆ ಬಟ್ಟೆ ಕೈಗೆತ್ತಿಕೊಂಡರೆ ನಾಯಿ ಎದ್ದು ಅತ್ತೆಯ ಕೋಣೆಗೆ ಹೋಗುತ್ತದೆ. ಮಗಳು ಅದನ್ನು ನೋಡುತ್ತಾಳೆ, ಆಮೇಲೆ ನನ್ನನ್ನು.