ಬೆಲ್ಲದ ಜೊತೆಗಿನ ನೀರು

ಕಬನೂರಿನ ನಮ್ಮ ಓಣಿಯಲ್ಲಿ ಆಕೆ ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ. ಮಗ್ಗದ ಶೆಡ್ಡಿನ ಹಿಂದಿನ ಬಾವಿ ಆಕೆಯದು. ಯಾರೇ ಹೊಸ್ತಿಲು ತುಳಿದರೂ ಏನೂ ಕೇಳದೆ ಬೆಲ್ಲದ ಚೂರು, ತಂಬಿಗೆ ನೀರು ತರುವಳು. ತಂಬಿಗೆಯ ಅಂಚನ್ನು ಸೆರಗಿನಿಂದ ಒರೆಸಿ, "ಮೊದಲ ನೀರ, ಆಮ್ಯಾಲ ಮಾತ" ಎನ್ನುವಳು.

ಬಣ್ಣದ ಕಾರ್ಖಾನೆಯ ನೀರು ನೆಲಕ್ಕೆ ಇಳಿಯುತ್ತಿದೆಯೇ ಎಂದು ನೋಡಲು ಬಂದ ಇಂಜಿನಿಯರ್ ಒಬ್ಬ ಆ ಬಾವಿಗೆ ಸೆನ್ಸರ್ ಇಳಿಬಿಟ್ಟ. ಕೂದಲಿನಷ್ಟು ತೆಳುವಾದ ಗಾಜಿನ ಎಳೆ ಅದು. ಒಳಗೆ ಬೆಳಕು ಹರಿಯುತ್ತದೆ. ನೀರಿನಲ್ಲಿ ವಿಷ ಬೆರೆತಿದ್ದರೆ ಆ ಬೆಳಕು ಬದಲಾಗಿ ಲ್ಯಾಪ್‌ಟಾಪಿನಲ್ಲಿ ಗೆರೆ ಏರುತ್ತದೆ. ನಾನು ನೋಡುತ್ತಿದ್ದಂತೆಯೇ ಗೆರೆ ಏರಿತು.

ಅಷ್ಟರಲ್ಲಿ ಮಾವಶಿ ಬೆಲ್ಲ, ನೀರು ತಂದಳು. ಆತ ಬೆಲ್ಲ ಬಾಯಿಗೆ ಹಾಕಿಕೊಂಡು ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ಆಕೆ ಅದನ್ನು ನನ್ನ ಮುಂದೆ ಚಾಚಿದಳು. ನಾನೂ ಮುಟ್ಟಲಿಲ್ಲ.

"ಯಾಕ್ರಿ ಸಾಹೇಬ್ರ, ನಮ್ಮ ಮನಿ ನೀರ ಬ್ಯಾಡಾತೇನ?"

"ಹಂಗಲ್ರಿ ಮಾವಶಿ, ಈ ನೀರಾಗ ವಿಷ ಕೂಡೇತಿ," ಎಂದ ಆತ.

ಓಣಿಯ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಆಕೆ ಅವರತ್ತ ಒಮ್ಮೆ ನೋಡಿದಳು. "ಇಷ್ಟ ವರ್ಷ ಬಂದವರಿಗೆಲ್ಲ ನಾ ವಿಷಾ ಕುಡಿಸೇನೇನ?" ಎನ್ನುತ್ತ ತಂಬಿಗೆ ಎತ್ತಿ ಗಟಗಟನೆ ಕುಡಿದಳು. ತಡೆಯಲು ನನ್ನ ಕೈ ಏಳಲಿಲ್ಲ. ಆಕೆಯ ಗಂಟಲು ಏರಿ ಇಳಿದದ್ದು ಈಗಲೂ ಕಣ್ಣ ಮುಂದೆ ಬರುತ್ತದೆ.

ಮೊನ್ನೆ ಹೋದಾಗ ಬೆಲ್ಲವನ್ನಷ್ಟೇ ಕೈಗಿತ್ತಳು. ತಂಬಿಗೆ ಸೆರಗಿನ ಮರೆಯಲ್ಲಿತ್ತು.

"ನಳದ್ದ ಐತಿ ತಮ್ಮಾ," ಎಂದಳು, ನೆಲ ನೋಡುತ್ತ. "ಕುಡೀತಿ ಏನ?"