ಎದುರು ಮನೆಯ ಕಿಟಕಿಯಲ್ಲಿ ಹಳದಿ ಡಬ್ಬಿ

ನಿಮ್ಮ ಮನೆಯ ಡಬ್ಬಿ ಎದುರು ಮನೆಯ ಕಿಟಕಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದರೆ ನೀವೇನು ಮಾಡುತ್ತೀರಿ? ನನ್ನ ಹೆಂಡತಿ ಗಿರಿಜಾ ಮುನಿಸಿಕೊಂಡಳು.

ವಿಷಯ ಇಷ್ಟೇ. ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿರುವ ನಮ್ಮ ಬಾಡಿಗೆ ಮನೆಯನ್ನು ಮಾಲೀಕರು ಮಾರುತ್ತಿದ್ದಾರೆ. ಮೊದಲ ಅವಕಾಶ ನಮಗೆ. ಗಿರಿಜಾ ಕೆಲಸ ಮಾಡುವ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ, ನನಗಂತೂ ಪೂರ್ತಿ ಒಪ್ಪಿಗೆ. ಆದರೆ ಧಾರವಾಡದ ಅವಳಿಗೆ ಮನೆಗಿಂತ ನೆರೆ ಮುಖ್ಯ. ಬೀದಿಯನ್ನು ಪರೀಕ್ಷಿಸಲೆಂದೇ ಎದುರು ಮನೆಯ ಬ್ರೆಂಡಾ ಅವರಿಗೆ ಒಂದು ಪ್ಲಾಸ್ಟಿಕ್ ಡಬ್ಬಿ ತುಂಬ ಚಿತ್ರಾನ್ನ ಕೊಟ್ಟು ಬಂದಳು.

ಡಬ್ಬಿಯ ಕಾನೂನು ನಿಮಗೆ ಗೊತ್ತೇ ಇದೆ. ಖಾಲಿ ವಾಪಸ್ ಬರಕೂಡದು. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಇರಬೇಕು. (ಈ ಕಾನೂನನ್ನು ಬ್ರೆಂಡಾ ಅವರಿಗೆ ಯಾರು ಹೇಳಿದ್ದರು? ಹಾಗೆ ಕೇಳುವ ಧೈರ್ಯ ನನಗಿರಲಿಲ್ಲ.)

ವಾರಗಳು ಕಳೆದವು. ಡಬ್ಬಿ ಬರಲಿಲ್ಲ. ಅವರ ಕಿಟಕಿಯಲ್ಲೇ ಇತ್ತು, ಖಾಲಿ, ನಮಗೆ ಕಾಣುವ ಹಾಗೇ.

“ಬ್ಯಾಡ್ರಿ, ಈ ಓಣ್ಯಾಗ ಮನಿ ಬ್ಯಾಡ,” ಅಂದಳು ಗಿರಿಜಾ. “ಡಬ್ಬಿ ತಿರುಗಿ ಕೊಡಬೇಕಂತ ಗೊತ್ತಿಲ್ಲದ ಮಂದಿ ನಡುವ ಹೆಂಗ ಇರೂದು?”

ಅದೇ ಶನಿವಾರ ಮಗಳು ಅನು ಲೀಡ್ಸ್‌ನಿಂದ ಬಂದಳು. ದೂರದ ಗ್ರಹಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಮಾತು ಬದಲಾಯಿಸೋಣ ಅಂತ ಕೇಳಿದೆ, ಹೋಗಿ ನೋಡಲಾಗದ ಗ್ರಹ ವಾಸಕ್ಕೆ ಲಾಯಕ್ಕೋ ಅಲ್ಲವೋ ಹೇಗೆ ಹೇಳ್ತೀರಿ ಅಂತ. ಅವಳು ವಿವರಿಸಿದಳು. (ಇಂಗ್ಲಿಷಿನಲ್ಲಿ. ಕನ್ನಡ ನನ್ನದು.) ಗ್ರಹಕ್ಕೆ ಸ್ವಂತ ಬೆಳಕಿಲ್ಲ. ಅದರ ನಕ್ಷತ್ರದ ಬೆಳಕು ಅದರ ಮೇಲೆ ಬಿದ್ದು ತಿರುಗಿ ಬರುತ್ತದೆ. ಹಾಗೆ ಬರುವಾಗ ಅಲ್ಲಿಯ ಗಾಳಿ, ನೀರಾವಿ ಕೆಲವು ಬಣ್ಣಗಳನ್ನು ನುಂಗಿಕೊಳ್ಳುತ್ತವೆ. ನಕ್ಷತ್ರವನ್ನು ಮರೆಮಾಡಿ, ಆ ಚೂರು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಬೇಕು. ನಮ್ಮ ಭೂಮಿಯಂಥ ಗ್ರಹದ ಬೆಳಕನ್ನು ಹೀಗೆ ಹಿಡಿಯಬಲ್ಲ ದೂರದರ್ಶಕ ಇನ್ನೂ ತಯಾರಾಗಬೇಕಂತೆ.

“ಏನು ಬಂತು ಅಂತಲ್ಲ ಅಪ್ಪಾ. ಬಂದದ್ದರಲ್ಲಿ ಯಾವ ಬಣ್ಣ ಕಾಣೆಯಾಗಿದೆ ಅಂತ ನೋಡೋದು. ಅಲ್ಲಿ ಜೀವ ಇರಬಹುದು ಅನ್ನೋದಕ್ಕೆ ಅದೇ ಸುಳಿವು.”

ಗಿರಿಜಾ ಮಾತ್ರ ಎದುರು ಮನೆಯ ಕಿಟಕಿಯನ್ನೇ ನೋಡುತ್ತಿದ್ದಳು. ಇವತ್ತು ಡಬ್ಬಿ ಅಲ್ಲಿರಲಿಲ್ಲ. ಅಷ್ಟರಲ್ಲಿ ಬೆಲ್ ಆಯಿತು.

ಬ್ರೆಂಡಾ. ಕೈಯಲ್ಲಿ ಡಬ್ಬಿ, ಮುಖದಲ್ಲಿ ಸಂಕೋಚ. ಚಿತ್ರಾನ್ನ ಬಹಳ ಇಷ್ಟವಾಯಿತಂತೆ. ಆದರೆ ಎಷ್ಟು ತಿಕ್ಕಿದರೂ ಡಬ್ಬಿಯ ಹಳದಿ ಹೋಗಲಿಲ್ಲವಂತೆ. ತಕ್ಷಣ ತೊಳೆಯದೆ ತಾವೇ ಅದನ್ನು ಹಾಳುಮಾಡಿದ್ದು ಅಂದುಕೊಂಡರಂತೆ. ಬಿಸಿಲಿಗಿಟ್ಟರೆ ಅರಿಶಿನದ ಕಲೆ ಹೋಗುತ್ತದೆ ಅಂತ ಯಾರೋ ಹೇಳಿದರಂತೆ. ಮ್ಯಾಂಚೆಸ್ಟರಿನ ಬಿಸಿಲನ್ನು ನಂಬಿ ಕೂತರೆ ತಡವಾಗದೆ ಇರುತ್ತದೆಯೇ?

ನಿಜ ಹೇಳಬೇಕೆಂದರೆ ಆ ಹಳದಿ ಅವರದ್ದಲ್ಲ. ನಮ್ಮ ಅಡುಗೆಮನೆಯ ಹಲವು ವರ್ಷಗಳ ಸಂಪಾದನೆ. ಅದು ಬಿಳಿ ಡಬ್ಬಿ ಅನ್ನುವುದನ್ನೇ ನಾವು ಮರೆತಿದ್ದೆವು. ಗಿರಿಜಾ ನಾಚಿಕೊಂಡಳು, ನಕ್ಕಳು, ಬ್ರೆಂಡಾ ಅವರನ್ನು ಒಳಗೆ ಕರೆದು ಕೂರಿಸಿ ಚಹಾಕ್ಕಿಟ್ಟಳು. ಅಡುಗೆಮನೆಯಲ್ಲಿ ಅವರಿಬ್ಬರ ಮಾತು ಕೇಳುತ್ತಾ ನನಗೆ ಎದೆ ಹಗುರಾಯಿತು.

ಅವರು ಹೋದ ಮೇಲೆ ಗಿರಿಜಾ ಮುಚ್ಚಳ ತೆಗೆದಳು. ಸಕ್ಕರೆ ಇರಲಿಲ್ಲ, ಏನೂ ಇರಲಿಲ್ಲ. ಡಬ್ಬಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

“ಮನಿ ತಗೊಳ್ಳೂಣ್ರಿ,” ಅಂದಳು.

ಹಳದಿ ಕಾಣೆಯಾಗಿತ್ತು. ಎದುರುಗಡೆ ಜೀವವಿದೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?