ಲಕ್ಷ್ಮಮ್ಮನವರ ಕಾರಿನ ಸ್ಟಾರ್ಟರ್

ಪೀಣ್ಯದ ಓಣಿಗಳಲ್ಲಿ ನಡೆಯುವಾಗ ಹಸಿ ವಾರ್ನಿಷ್ ವಾಸನೆ ಮೂಗಿಗೆ ಬಡಿದರೆ ನನಗೆ ಲಗ್ಗೆರೆಯ ಆ ವಠಾರ ನೆನಪಾಗುತ್ತದೆ. ನಿಮಗೂ ಈಗ ಇಲ್ಲದ ಅಂಥದೊಂದು ಅಂಗಳ ಇದ್ದಿರಬಹುದು. ಅವ್ವನ ಸೆರಗಿಗೂ ಅದೇ ವಾಸನೆ. ಅವಳು ಮೋಟಾರು ಕಾರ್ಖಾನೆಯೊಂದರಲ್ಲಿ ತಾಮ್ರದ ತಂತಿಯ ಕಾಯಿಲ್ ಸುತ್ತುತ್ತಿದ್ದಳು. ಹಾವೇರಿ ಕಡೆಯಿಂದ ಬಂದ ನಾವಿಬ್ಬರು ಮುನಿಯಪ್ಪನವರ ಬಾಡಿಗೆ ಕೋಣೆಯಲ್ಲಿದ್ದೆವು. ಹಿಂದೆ ಅದೇ ನೆಲದಲ್ಲಿ ರಾಗಿ ಬೆಳೆದವರು ಅವರು. ಅಂಗಳದ ಶೀಟಿನ ಕೆಳಗೆ ಅವರ ಹಳೆಯ ಬಿಳಿ ಕಾರು ನಿಂತಿರುತ್ತಿತ್ತು. ಅವರ ಹೆಂಡತಿ ಲಕ್ಷ್ಮಮ್ಮನವರ ಕಿಡ್ನಿ ಕೆಟ್ಟಿತ್ತು. ವಾರಕ್ಕೆರಡು ಸಲ ಆ ಕಾರಿನಲ್ಲೇ ಡಯಾಲಿಸಿಸ್‌ಗೆ ಹೋಗಬೇಕು. ನನಗಾಗ ಒಂಬತ್ತು ವರ್ಷ. ಅವ್ವ ಕೆಲಸದಿಂದ ಬರುವವರೆಗೆ ನಾನು ಲಕ್ಷ್ಮಮ್ಮನವರ ಮಂಚದ ಪಕ್ಕ ಕೂತು ಓದಿಕೊಳ್ಳುತ್ತಿದ್ದೆ. ಡಾಕ್ಟರು ತಮಗೆ ತಿನ್ನಬಾರದೆಂದಿದ್ದ ಬಾಳೆಹಣ್ಣನ್ನು ಅವರು ಸುಲಿದು ನನ್ನ ಕೈಗಿಟ್ಟು, ನಾನು ತಿನ್ನುವುದನ್ನೇ ನೋಡುತ್ತಿದ್ದರು.

ಆ ಬೇಸಿಗೆಯಲ್ಲಿ ಕಾರು ಕೈಕೊಡತೊಡಗಿತು. ಕೀ ತಿರುಗಿಸಿದರೆ ಟಕ್ ಎಂದು ಸುಮ್ಮನಾಗುತ್ತಿತ್ತು. ಬೆಳಿಗ್ಗೆ ವಠಾರದವರೆಲ್ಲ ಸೇರಿ ತಳ್ಳುತ್ತಿದ್ದೆವು, ಆದರೆ ಆಸ್ಪತ್ರೆಯ ಮುಂದೆ ತಳ್ಳುವವರು ಯಾರು? ಒಂದು ಮಧ್ಯಾಹ್ನ ಡಯಾಲಿಸಿಸ್ ಮುಗಿಸಿ ಹೊರಬಂದ ಲಕ್ಷ್ಮಮ್ಮನವರೇ, ಸೂಜಿ ಚುಚ್ಚಿದ ಕೈಯಲ್ಲಿ, ಕಾರು ತಳ್ಳಿದರಂತೆ. ಮನೆಗೆ ಬಂದಾಗ ತೋಳಿನ ಪಟ್ಟಿ ರಕ್ತದಿಂದ ಒದ್ದೆಯಾಗಿತ್ತು. ಮುನಿಯಪ್ಪನವರು ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತರು. ಮರುದಿನ ಮೆಕ್ಯಾನಿಕ್ ಬಂದು, ಎಂಜಿನ್ನನ್ನು ಚಾಲೂ ಮಾಡುವ ಸ್ಟಾರ್ಟರ್ ಮೋಟಾರು ಬಿಚ್ಚಿ ನೋಡಿದ. “ಒಳಗಡೆ ಕಾಯಿಲ್ ಸುಟ್ಟೋಗಿದೆ ಸಾರ್. ಈ ಗಾಡಿಗೆ ಹೊಸದು ಸಿಗಲ್ಲ, ಗುಜರಿಗೆ ಹಾಕ್ಬಿಡಿ” ಎಂದು ಅದನ್ನು ಅಂಗಳದಲ್ಲಿಟ್ಟು ಹೋದ.

ಸಂಜೆ ಕೆಲಸದಿಂದ ಬಂದ ಅವ್ವ ಅದನ್ನು ಎತ್ತಿ ಹೊರಳಿಸಿ ನೋಡಿದಳು. “ನಾ ಒಮ್ಮೆ ಬಿಚ್ಚಿ ನೋಡ್ಲೇನ್ರಿ?”

“ಇದೇನ್ ಫ್ಯಾನು ಅನ್ಕೊಂಡ್ಯೇನಮ್ಮಾ? ಕಾರಿಂದು ಕಣಮ್ಮ” ಎಂದರು ಮುನಿಯಪ್ಪ.

ಒಳಗಿನಿಂದ ಲಕ್ಷ್ಮಮ್ಮನವರ ದನಿ ಬಂತು: “ಕೊಡಿ ಅತ್ಲಾಗೆ. ಇನ್ನೇನೈತೆ ಅದ್ರಲ್ಲಿ ಕೆಡೋಕೆ?”

ಭಾನುವಾರ ಅವ್ವ ಗೋಣಿಚೀಲ ಹಾಸಿ ಕೂತಳು. ಕಾಯಿಲ್‌ಗಳಿಗೆ ಸುತ್ತಿದ್ದ ಸುಟ್ಟ ಪಟ್ಟಿಯನ್ನು ಬಿಡಿಸಿದಾಗ ಒಳಗಿನ ತಾಮ್ರ ಗಟ್ಟಿಯಾಗಿಯೇ ಇತ್ತು; ಸುಟ್ಟಿದ್ದು ಪಟ್ಟಿ ಮಾತ್ರ ಎಂದು ನಕ್ಕಳು. ಹೊಸ ಹತ್ತಿಯ ಪಟ್ಟಿ ಬಿಗಿಯಾಗಿ ಸುತ್ತಿ, ವಾರ್ನಿಷ್ ಕುಡಿಸಿ ಬಿಸಿಲಿಗಿಟ್ಟಳು. ಮೋಟಾರಿಗೆ ಕರೆಂಟು ಹಾಯಿಸುವ, ಸವೆದು ಚೂರಾಗಿದ್ದ ಕಾರ್ಬನ್ ಬ್ರಷ್‌ಗಳನ್ನು ತೆಗೆದು ಹೊಸವನ್ನು ಬೆಸುಗೆ ಹಾಕಿ ಕೂರಿಸಿದಳು. ಆ ಬ್ರಷ್‌ಗಳು ಉಜ್ಜುವ ತಾಮ್ರದ ಪಟ್ಟೆಗಳ ನಡುವೆ ತುಂಬಿದ್ದ ಮಸಿಯನ್ನು ಮುರಿದ ಗರಗಸದ ಬ್ಲೇಡಿನಿಂದ ಒಂದೊಂದಾಗಿ ಕೆರೆದಳು. ಬುಧವಾರ ಬೆಳಿಗ್ಗೆ ಮೆಕ್ಯಾನಿಕ್ ಅನುಮಾನದಿಂದಲೇ ಅದನ್ನು ಜೋಡಿಸಿದ. ನಾವೆಲ್ಲ ತಳ್ಳಲು ಸಿದ್ಧರಾಗಿ ಹಿಂದೆ ನಿಂತೆವು. ಮುನಿಯಪ್ಪನವರು ಕೀ ತಿರುಗಿಸಿದರು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಲಕ್ಷ್ಮಮ್ಮನವರು ಕಿಟಕಿಯಿಂದ ಕೈಚಾಚಿ ಅವ್ವನ ಗಲ್ಲ ಮುಟ್ಟಿದರು, ಅಷ್ಟೇ.

ಮುಂದಿನ ವಾರ ಅವರು ಗಂಡನಿಗೆ ಹೇಳಿ ಕಾರನ್ನು ಹೊರಗೆ ರಸ್ತೆಯಲ್ಲಿ ನಿಲ್ಲಿಸಿ, ಆ ಶೀಟಿನ ಕೆಳಗೆ ಅವ್ವನಿಗೆ ಮೋಟಾರು ರಿಪೇರಿಯ ಸ್ವಂತ ಅಂಗಡಿ ಇಡಿಸಿದರು. “ಕಾರು ಮಳೇಲಿ ನೆಂದ್ರೆ ನೆನೀಲಿ ಬುಡಿ, ಅವ್ಳು ನೆನೀಬಾರ್ದು” ಎಂದಿದ್ದರು. ಆ ಅಂಗಡಿಯೇ ನಮಗೆ ಅನ್ನ ಹಾಕಿತು, ನನ್ನನ್ನು ಓದಿಸಿತು.

ಎರಡು ವರ್ಷದ ನಂತರ ಲಕ್ಷ್ಮಮ್ಮನವರು ತೀರಿಕೊಂಡರು. ಮುನಿಯಪ್ಪನವರೂ ಹೋದ ಮೇಲೆ ವಠಾರವನ್ನು ಕೆಡವಿದರು. ಈಗ ಅಲ್ಲಿ ಐದಂತಸ್ತಿನ ಕಟ್ಟಡವಿದೆ, ಒಳಗೆ ನಮ್ಮ ಗುರುತಿನವರು ಒಬ್ಬರೂ ಇಲ್ಲ. ಲಕ್ಷ್ಮಮ್ಮನವರು ನಮಗೆ ಬಂಧುವಲ್ಲ, ಒಂದೇ ಊರಿನವರೂ ಅಲ್ಲ. ಆದರೂ ಅವರು ಹೋದಾಗ ಅವ್ವ ಹನ್ನೊಂದು ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಕೆಲಸ ತಂದವರು ಯಾಕೆಂದು ಕೇಳಿದರೆ, “ನಮ್ಮವ್ವ ತೀರಿಕೊಂಡಾಳ್ರಿ” ಎನ್ನುತ್ತಿದ್ದಳು.